ಒಂಬತ್ತು ಬಿಳಿ ಕಾರು ಮತ್ತು ನಮ್ಮ ಚುಕ್ಕಿ ಅತ್ತೆ

ಸ್ವಲ್ಪ ಉದ್ದವಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಪಾತ್ರೆ ತೊಳೆಯುತ್ತಲೋ ಬಸ್ಸಿನಲ್ಲಿ ಕೂತೋ ಕೇಳಿ, ಆದರೆ ಎರಡರಷ್ಟು ವೇಗಕ್ಕೆ ಹಾಕಿಕೊಂಡು ಕೇಳಬೇಡಿ. ನಮ್ಮತ್ತೆ ಯಾವ ಕೆಲಸವನ್ನೂ ಆ ವೇಗದಲ್ಲಿ ಮಾಡಿದವಳಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಕಾರು ತೊಳೆಯುತ್ತಾಳೆ. ಬರೀ ತೊಳೆಯುವವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ; ಅತ್ತೆಯ ಹತ್ತಿರ ಬರುವವರು ಬೇರೆ ಕಾರಣಕ್ಕೆ ಬರುತ್ತಾರೆ. ಬಿಳಿ ಕಾರಿನ ಮೇಲೆ ಸಾಸಿವೆಗಿಂತ ಸಣ್ಣ ಕಿತ್ತಳೆ ಬಣ್ಣದ ಚುಕ್ಕಿಗಳು ಏಳುತ್ತವಲ್ಲ, ಸೋಪು ಹಾಕಿದರೂ ಹೋಗದೆ ಉಗುರಿಗೆ ಮರಳಿನಂತೆ ತಾಗುತ್ತವಲ್ಲ, ಅವನ್ನು ತೆಗೆಸಲು. ಜನ ಅವನ್ನು ನೋಡಿ ಕಾರಿಗೇ ತುಕ್ಕು ಹಿಡಿಯಿತೆಂದು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಅತ್ತೆ ಒಂದು ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ, ಮಗುವಿನ ಬೆನ್ನು ಸವರಿದಂತೆ ಬಾನೆಟ್ಟನ್ನು ಸವರುತ್ತಾಳೆ. ಬರಿಗೈಗೆ ನುಣುಪು ಎನಿಸಿದ್ದು ಚೀಲದೊಳಗಿನ ಕೈಗೆ ಉಪ್ಪುಕಾಗದದಂತೆ ತಿಳಿಯುತ್ತದೆ. ಆಮೇಲೆ ತೀರ್ಪು. ಬಣ್ಣ ಒಳಗಿನಿಂದ ಉಬ್ಬಿದ್ದರೆ ಅದು ಕಾರಿನದೇ ತುಕ್ಕು, ಅದಕ್ಕೆ ಬಣ್ಣದ ಅಂಗಡಿಗೆ ಹೋಗಬೇಕು. ಮೇಲೆ ಕಾಳಿನಂತೆ ಕೂತಿದ್ದರೆ ಅದು ಹೊರಗಿನಿಂದ ಬಂದ ಕಬ್ಬಿಣದ ಪುಡಿ, ಬಣ್ಣದಲ್ಲಿ ಹಲ್ಲೂರಿಕೊಂಡು ಅಲ್ಲೇ ತುಕ್ಕಾಗುತ್ತಿದೆ, ಇಳಿಸಬಹುದು. ಅದಕ್ಕೇ ಅವಳಿಗೆ ಚುಕ್ಕಿ ಅತ್ತೆ ಎಂಬ ಹೆಸರು. ಅವಳಿಗಿಂತ ಹಿರಿಯ ಡ್ರೈವರುಗಳೂ ಅತ್ತೆ ಎಂದೇ ಕರೆಯುತ್ತಾರೆ, ಅವಳು ಓ ಅನ್ನುತ್ತಾಳೆ.

ಕಾರಿಗೆ ಬರುವ ಮುಂಚೆ ಅತ್ತೆ ಇಪ್ಪತ್ತೆರಡು ವರ್ಷ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದಳು. ಕಿಟಕಿಯ ಬಳಿ ಒಂದು ಕಲ್ಲಿನ ಮೇಜು, ಅದರ ಮೇಲೆ ಏಳೆಂಟು ಬಾಟಲಿ, ಹಲ್ಲುಜ್ಜುವ ಬ್ರಷ್ಷು, ಹತ್ತಿ. ಮುಂದಿನ ಕೌಂಟರಿಗೆ ಬಂದ ಬಟ್ಟೆಯಲ್ಲಿ ಕಲೆ ಇದ್ದರೆ ಅದು ಇವಳ ಮೇಜಿಗೆ ಬರುತ್ತಿತ್ತು. ಶಾಯಿ, ರಕ್ತ, ಲಿಪ್‌ಸ್ಟಿಕ್, ಚಹಾ, ಬಕಲ್ಲಿನ ತುಕ್ಕು. ತುಕ್ಕಿನ ಕಲೆಗೆ ಬ್ಲೀಚ್ ಹಾಕಿದರೆ ಅದು ಜನ್ಮದಲ್ಲಿ ಹೋಗದು ಎನ್ನುವುದನ್ನು ಅವಳು ಕಲಿತದ್ದು ಒಬ್ಬ ವಕೀಲರ ಬಿಳಿ ಅಂಗಿಯ ಮೇಲೆ. ಅಂಗಿ ಹೋಯಿತು, ಪಾಠ ಉಳಿಯಿತು. ಕಲೆಯನ್ನು ಉಜ್ಜಿದರೆ ಸವೆಯುವುದು ಬಟ್ಟೆ. ಕಲೆಯನ್ನು ಕರಗಿಸಿ ಕೆಳಗಿಳಿಸಬೇಕು. ಅವಳ ಇಡೀ ವಿದ್ಯೆ ಅಷ್ಟೇ.

ಡ್ರೈಕ್ಲೀನಿಂಗ್ ಅಂಗಡಿ ಮುಚ್ಚಿದಾಗ ಅವಳಿಗೆ ನಲವತ್ತೇಳು. ಅಪ್ಪನದು ಗ್ರಿಲ್ ಮತ್ತು ಗೇಟು ಮಾಡುವ ಕೆಲಸ. ದೊಡ್ಡ ರಸ್ತೆಯಿಂದ ಎರಡು ತಿರುವು ಒಳಗೆ, ಒಂದು ಕಾಂಪೌಂಡಿನಲ್ಲಿ ಅವನ ಶೆಡ್ಡು. ಪಕ್ಕದ ಅರ್ಧ ಭಾಗದಲ್ಲಿ ಹಳೆ ಟೈರು ತುಂಬಿಟ್ಟಿದ್ದರು. ಅಪ್ಪ ಕಾಂಪೌಂಡಿನ ಓನರ್ ಅಜ್ಜನ ಬೆನ್ನು ಹತ್ತಿ ಆ ಟೈರುಗಳನ್ನು ಎತ್ತಿಸಿ, ನೆಲಕ್ಕೆ ಇಳಿಜಾರು ಕೊಟ್ಟು ಸಿಮೆಂಟ್ ಹಾಕಿಸಿ, ಮೇಲೆ ತಗಡು ಹೊದಿಸಿ, ನೀರಿನ ಟ್ಯಾಂಕಿಗೆ ಸ್ಟ್ಯಾಂಡನ್ನು ತಾನೇ ವೆಲ್ಡ್ ಮಾಡಿ ನಿಲ್ಲಿಸಿ, ಅಕ್ಕನನ್ನು ಕರೆತಂದ. ಕಾರು ಅಂದ್ರೂ ಒಂದು ದೊಡ್ಡ ಅಂಗಿ ಅನ್ಕೋ ಎಂದನಂತೆ. ಗುಂಡಿ ಎಲ್ಲಿದೆ ಅಂತ ಅವಳು ಕೇಳಿದಳಂತೆ.

ಒಂದೇ ಗೇಟು, ಎಡಕ್ಕೆ ಅಪ್ಪ, ಬಲಕ್ಕೆ ಅತ್ತೆ, ನಡುವೆ ಎದೆಯೆತ್ತರದ ತಗಡು. ಮಧ್ಯಾಹ್ನ ಇಬ್ಬರೂ ಇಟ್ಟಿಗೆ ಮೇಲಿಟ್ಟ ಹಳೆ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕಪಕ್ಕ ಕೂತು ಡಬ್ಬಿ ಬಿಚ್ಚುತ್ತಿದ್ದರು. ಕಾಲೇಜು ಇಲ್ಲದ ದಿನ ನಾನೂ ಅಲ್ಲೇ. ಅವರ ಮಾತೆಂದರೆ ಮೊದಲಿನಿಂದ ಕೊನೆಯವರೆಗೆ ಕಾಲೆಳೆಯುವುದು. ನಿನ್ನ ಗೇಟು ಕಿರುಗುಟ್ಟುವುದು ಕೇಳಿ ನಾಯಿಗಳು ಉತ್ತರ ಕೊಡುತ್ತವೆ ಎಂದು ಇವಳು. ನಿನ್ನ ಮೂಗನ್ನು ನನ್ನ ಗ್ರೈಂಡರಿಗೆ ಕೊಟ್ಟರೂ ಸವೆಯುವುದಿಲ್ಲ ಎಂದು ಅವನು. ಅವಳಿಗೆ ಜಂಬ ಇತ್ತು, ನಿಜ. ಆದರೆ ಅದು ಕೈಕೆಲಸದ ಜಂಬ.

ಕಬ್ಬಿಣದ ಪುಡಿ ಇಳಿಸುವ ಔಷಧಿಗೆ ಅಂಗಡಿಯಲ್ಲಿ ಐರನ್ ರಿಮೂವರ್ ಎನ್ನುತ್ತಾರೆ. ನೀರಿನಂತೆ ಬಣ್ಣವಿಲ್ಲದ್ದು, ವಾಸನೆ ಮಾತ್ರ ಕೊಳೆತ ಮೊಟ್ಟೆ. ಕಾರನ್ನು ತೊಳೆದು, ನೆರಳಿನಲ್ಲಿ ತಣ್ಣಗಾಗಲು ಬಿಟ್ಟು, ಅದನ್ನು ಚಿಮುಕಿಸಬೇಕು. ಕಬ್ಬಿಣ ಸಿಕ್ಕಲ್ಲೆಲ್ಲ ಅದು ನೇರಳೆಗೆ ತಿರುಗುತ್ತದೆ. ಎರಡು ನಿಮಿಷದಲ್ಲಿ ಬಿಳಿ ಬಾಗಿಲ ಮೇಲೆ ನೇರಳೆ ಗೆರೆಗಳು ಕಣ್ಣೀರಿನಂತೆ ಇಳಿಯುತ್ತವೆ. ಚಕ್ರವಾದರೆ ಇಡೀ ಚಕ್ರವೇ ಮಸಿ ಬಾಟಲಿಗೆ ಬಿದ್ದಂತೆ. ಬ್ರೇಕು ಹಾಕಿದಾಗಲೆಲ್ಲ ಉದುರುವ ಕಬ್ಬಿಣವೆಲ್ಲ ಬಿಸಿಬಿಸಿಯಾಗಿ ಅಲ್ಲೇ ಹೋಗಿ ಅಂಟುವುದಲ್ಲವೇ. ಒಣಗುವ ಮೊದಲು ಧಾರಾಳ ನೀರು ಬಿಟ್ಟು ತೊಳೆಯಬೇಕು. ಒಣಗಲು ಬಿಟ್ಟರೆ ಔಷಧಿಯೇ ಕಲೆಯಾಗುತ್ತದೆ. ಉಳಿದ ಹಟಮಾರಿ ಕಾಳುಗಳಿಗೆ ಸೋಪುನೀರು ಜಾರಿಸಿ, ಜೇಡಿಮಣ್ಣಿನಂಥ ಮೆತ್ತನೆ ಉಂಡೆಯನ್ನು ಭಾರ ಹಾಕದೆ ಓಡಾಡಿಸಬೇಕು. ಕೊನೆಗೆ ವ್ಯಾಕ್ಸ್. ಅತ್ತೆ ಒಂದು ಕಾರಿಗೆ ಅರ್ಧ ದಿನ ತೆಗೆದುಕೊಳ್ಳುತ್ತಿದ್ದಳು. ಅವಸರ ಮಾಡುವವರಿಗೆ ಅವಳ ಉತ್ತರ ಒಂದೇ, ಆ ಮೂಲೆಯಲ್ಲಿ ಕುರ್ಚಿ ಇದೆ.

ಅವಳ ಸಂಪಾದನೆ ನಿಂತಿದ್ದುದು ಒಂಬತ್ತು ಕಾರುಗಳ ಮೇಲೆ. ಆಸ್ಪತ್ರೆಗಳಿಂದ ರಕ್ತದ ಮಾದರಿಗಳನ್ನು ಲ್ಯಾಬಿಗೆ ಸಾಗಿಸುವ ಒಂದು ಕಂಪನಿಯ ಸಣ್ಣ ಬಿಳಿ ಕಾರುಗಳವು. ಬರೀ ತೊಳೆಯಲು, ದಿನಕ್ಕೆ ಮೂರರಂತೆ, ವಾರಕ್ಕೊಮ್ಮೆ ಪ್ರತಿಯೊಂದೂ ಬರುತ್ತಿತ್ತು. ಅವುಗಳ ಮೇಲ್ವಿಚಾರಕ ಒಬ್ಬ ಸಣಕಲು ಮನುಷ್ಯ, ಎದೆ ಜೇಬಿನಲ್ಲಿ ಟಾರ್ಚು. ಆರು ತಿಂಗಳ ಹಿಂದೆ ಒಂದು ದಿನ ಆತ ಟಾರ್ಚನ್ನು ಬಾಗಿಲ ಮೇಲೆ ಓರೆಯಾಗಿ ಹಿಡಿದು ಅತ್ತೆಯನ್ನು ಕರೆದ. ಕಿತ್ತಳೆ ಚುಕ್ಕಿಗಳು. ಒಂದೆರಡಲ್ಲ. ಚುಕ್ಕಿ ತೆಗೆಯುವವಳ ಬಳಿ ವಾರ ವಾರ ತೊಳೆಸಿಕೊಳ್ಳುವ ಕಾರಿನ ಮೇಲೇ.

ಅತ್ತೆ ಚೀಲದೊಳಗೆ ಕೈ ಹಾಕಿ ಸವರಿದಳು. ಕಬ್ಬಿಣದ ಪುಡಿಯೇ. ತಲೆ ಎತ್ತಿದರೆ ತಗಡಿನ ಆಚೆ ಅಪ್ಪನ ಗ್ರೈಂಡರ್ ಕಿಡಿ ಕಾರುತ್ತಿತ್ತು. ಇನ್ನೇನು ಹುಡುಕುವುದು? ಅವಳ ಬಾಯಿಂದ ಎರಡೇ ಶಬ್ದ ಬಂದವು, "ಪಕ್ಕದ ಗ್ರೈಂಡರ್." ಅದು ತನ್ನ ತಮ್ಮನದು ಎಂದು ಅವಳು ಹೇಳಲಿಲ್ಲ, ಆತ ಕೇಳಲೂ ಇಲ್ಲ.

ಅಂದು ಮಧ್ಯಾಹ್ನ ಅದನ್ನೇ ಅಪ್ಪನಿಗೂ ಹೇಳಿದಳು. ಅಪ್ಪ ವಾದ ಮಾಡಲಿಲ್ಲ. ಮಾರನೇ ದಿನ ತಗಡಿನ ಮೇಲಿಂದ ಸೂರಿನವರೆಗೆ ಟಾರ್ಪಾಲು ಕಟ್ಟಿದ. ಕಿಡಿ ಹಿಂದಿನ ಗೋಡೆಗೆ ಹೋಗುವಂತೆ ಮೇಜು ತಿರುಗಿಸಿದ. ಬಿಳಿ ಕಾರುಗಳು ನಿಂತಿರುವಷ್ಟು ಹೊತ್ತು ಗ್ರೈಂಡರನ್ನೇ ಮುಟ್ಟುತ್ತಿರಲಿಲ್ಲ. ಅಕ್ಕನಿಗಾಗಿ ಮಾಡಿದಷ್ಟನ್ನು ಅವನು ಇನ್ನೊಬ್ಬರಿಗಾಗಿ ಮಾಡಿದ್ದನ್ನು ನಾನು ಕಂಡಿಲ್ಲ. ಅತ್ತೆ ಒಂಬತ್ತೂ ಕಾರುಗಳಿಗೆ ನೇರಳೆ ಔಷಧಿ ಹಾಕಿ, ಉಂಡೆ ಓಡಾಡಿಸಿ, ಹೊಸದರಂತೆ ಮಾಡಿ ಕಳಿಸಿದಳು.

ಐದು ವಾರಕ್ಕೆ ಚುಕ್ಕಿಗಳು ಮತ್ತೆ ಬಂದವು.

ಅತ್ತೆ ಈ ಸಲ ಟಾರ್ಪಾಲನ್ನು ಬೈದಳು. ಕಬ್ಬಿಣದ ಧೂಳು ಗಾಳಿಯಲ್ಲಿ ತೇಲುತ್ತದೆ, ಟಾರ್ಪಾಲು ಏನು ಮಾಡೀತು ಎಂದಳು. ಅಪ್ಪ ಮೊದಲ ಸಲ ದನಿ ಏರಿಸಿದ. ಆ ಮಾತುಗಳು ನನಗೆ ನೆನಪಿವೆ.

"ನೀನಿಲ್ಲಿಗೆ ಬಂದು ಏಳು ವರ್ಷ ಆಯ್ತಲ್ಲಕ್ಕ. ಆರೂವರೆ ವರ್ಷ ನನ್ನ ಕಿಡಿ ಎಲ್ಲಿ ಹೋಗಿತ್ತು, ರಜಕ್ಕಾ?"

"ಆಗ ಇಷ್ಟೊಂದು ಕೆಲಸ ಇರ್ಲಿಲ್ಲ ನಿಂಗೆ."

"ಹಾಗಾದ್ರೆ ಬೀಳೋ ಕಿಡಿಗೂ ನಾನೇ ಅಡ್ರೆಸ್ ಕೊಟ್ಟು ಕಳಿಸ್ತಿದೀನಿ ಅನ್ನು."

ಅವಳು ಡಬ್ಬಿ ಮುಚ್ಚಿಕೊಂಡು ಎದ್ದು ಹೋದಳು. ಅಷ್ಟರಲ್ಲಿ ಮೇಲ್ವಿಚಾರಕ ತನ್ನ ಕೆಲಸ ತಾನು ಮಾಡಿದ್ದ. ಕಂಪನಿಯ ಹೆಸರಿದ್ದ ಕಾಗದದ ಮೇಲೆ ಓನರ್ ಅಜ್ಜನಿಗೆ ದೂರು ಬರೆದಿದ್ದ: ನಿಮ್ಮ ಕಾಂಪೌಂಡಿನ ಗ್ರಿಲ್ ಶೆಡ್ಡಿನಿಂದ ನಮ್ಮ ವಾಹನಗಳಿಗೆ ಹಾನಿಯಾಗುತ್ತಿದೆ. ಅಜ್ಜ ಜಗಳವೆಂದರೆ ಮಾರು ದೂರ ಓಡುವ ಮನುಷ್ಯ. ಕಾಗದ ಹಿಡಿದುಕೊಂಡು ಬಂದು, ಅಪ್ಪನ ಮುಖ ನೋಡದೆ, ತಿಂಗಳ ಕೊನೆಗೆ ಜಾಗ ಬಿಡಬೇಕು ಎಂದು ಟ್ಯಾಂಕಿನ ಸ್ಟ್ಯಾಂಡಿಗೆ ಹೇಳಿದ.

ಅಪ್ಪ ಹದಿನೆಂಟು ವರ್ಷ ಇದ್ದ ಜಾಗ ಅದು. ಆ ಬೀದಿಯಲ್ಲಿ ಅವನ ಗೇಟಿಲ್ಲದ ಮನೆ ಕಡಿಮೆ. ಊರ ಹೊರಗೆ ಗೋಡೌನುಗಳ ಸಾಲಿನಲ್ಲಿ ಒಂದು ಶೆಡ್ಡು ಸಿಕ್ಕಿತು. ಅಲ್ಲಿಗೆ ಎರಡು ಬಸ್ಸು ಹಿಡಿಯಬೇಕು, ಅವನನ್ನು ಬಲ್ಲ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ಮನೆಯಲ್ಲಿ ನಾವು ಕೆಳಗೆ, ಅತ್ತೆ ಮತ್ತು ಮಾವ ಮೇಲೆ. ಮೆಟ್ಟಿಲ ಮೇಲೆ ಎದುರಾದರೆ ಅಪ್ಪ ಗೋಡೆಗೆ ಒರಗಿ ದಾರಿ ಬಿಡುತ್ತಿದ್ದ, ಅಪರಿಚಿತರಿಗೆ ಬಿಡುವಂತೆ. ಅವನನ್ನು ಓಡಿಸುವುದು ಅತ್ತೆಗೂ ಬೇಕಿರಲಿಲ್ಲ. ಒಂದು ಗೋಡೆ ಎದ್ದರೆ ಸಾಕು ಎಂದುಕೊಂಡಿದ್ದಳು. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅದು ಸುಳ್ಳಾಗಿರಬೇಕಲ್ಲ. ಅವಳ ಪ್ರಕಾರ ಅದು ಸತ್ಯ. ಮಾವ ಊಟಕ್ಕೆ ಕೂತಾಗ, ಅವನು ನಿನ್ನ ತಮ್ಮ ಕಣೇ, ಎಂದರಂತೆ. ತಮ್ಮನ ಕಬ್ಬಿಣಕ್ಕೆ ತುಕ್ಕು ಹಿಡಿಯಲ್ವಾ, ಎಂದು ಇವಳು ಬಾಯಿ ಮುಚ್ಚಿಸಿದಳಂತೆ.

ತಿಂಗಳು ಮುಗಿಯಲು ಆರು ದಿನ ಇರುವಾಗ ಡ್ರೈವಿಂಗ್ ಶಾಲೆಯ ಟೀಚರ್ ಫೋನು ಮಾಡಿದರು. ಈಕೆ ಅತ್ತೆಯ ಹಳೆ ಗಿರಾಕಿ, ಊರಿನ ಇನ್ನೊಂದು ತುದಿಯಲ್ಲಿ ಮನೆ. ಕಾರನ್ನು ಇಲ್ಲಿಗೆ ತರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಭಾನುವಾರ ಅತ್ತೆಯೇ ಚೀಲ ಹೊತ್ತುಕೊಂಡು ಅಲ್ಲಿಗೆ ಹೋಗಿ ತೊಳೆದು ಬರುತ್ತಾಳೆ. ಅದೂ ಬಿಳಿ ಕಾರು. ನನ್ನ ಕಾರಿಗೆ ಸಿಡುಬು ಎದ್ದಿದೆ, ಬಂದು ನೋಡಿ, ಎಂದರು ಟೀಚರ್. ಅತ್ತೆ ಭಾನುವಾರಕ್ಕೆ ಕಾಯದೆ ಆ ಶನಿವಾರವೇ ನನ್ನನ್ನೂ ಕರೆದುಕೊಂಡು ಹೋದಳು.

ಬಸ್ಸಿಳಿದಾಗಲೇ ಅವಳ ನಡಿಗೆ ನಿಧಾನವಾಯಿತು. ಸುತ್ತ ನೋಡುತ್ತಿದ್ದಳು. ಒಂದು ಪಾರ್ಕು, ಒಂದು ಶಾಲೆ, ಮನೆಗಳು, ಮರಗಳು. ರೈಲು ಹಳಿ ಇಲ್ಲ, ಕಾರ್ಖಾನೆ ಇಲ್ಲ, ಕಟ್ಟುತ್ತಿರುವ ಮನೆ ಕೂಡ ಇಲ್ಲ. ಇಲ್ಲಿ ಗ್ರೈಂಡರ್ ಯಾರ ಹತ್ರ ಇದೆ, ಎಂದು ಟೀಚರನ್ನು ಕೇಳಿದಳು. ಅಡುಗೆಮನೆಯಲ್ಲಿ ಒಂದಿದೆ, ಮಿಕ್ಸಿ ಕೆಟ್ಟಾಗ ಬಳಸ್ತೀನಿ, ಎಂದರು ಟೀಚರ್.

ಅತ್ತೆ ನಗಲಿಲ್ಲ. ಕಾರನ್ನು ಒಂದು ಸುತ್ತು ಹಾಕಿದಳು. ಮೇಲ್ಛಾವಣಿಯಲ್ಲಿ ಚುಕ್ಕಿ ಕಡಿಮೆ. ಬಾಗಿಲುಗಳಲ್ಲಿ, ಡಿಕ್ಕಿಯ ಬೆನ್ನಿನಲ್ಲಿ ಜಾಸ್ತಿ. ಆಮೇಲೆ ಗಾಜುಗಳನ್ನು ಒಂದೊಂದಾಗಿ ಸವರಿದಳು. ಗಾಜಿನ ಮೇಲೆ ಒಂದೇ ಒಂದು ಕಾಳಿರಲಿಲ್ಲ.

ಅದು ಹೇಗೆ ಸಾಧ್ಯ? ಗ್ರೈಂಡರಿನ ಕಿಡಿ ಹಾರಿ ಬಂದರೆ ಮೊದಲು ಮೇಲ್ಛಾವಣಿಗೆ, ಗಾಜಿಗೆ ಬೀಳುತ್ತದೆ. ಗಾಜಿಗೆ ಕಿಡಿ ಅಂಟಿದರೆ ಬ್ಲೇಡಿನಿಂದ ಕೆರೆದರೂ ಬರುವುದಿಲ್ಲ, ಅಪ್ಪನ ಶೆಡ್ಡಿನ ಕಿಟಕಿಯೇ ಅದಕ್ಕೆ ಸಾಕ್ಷಿ. ಕಿಡಿಗೆ ಗಾಜು ಬೇಡ, ಬಾಗಿಲೇ ಬೇಕು ಎನ್ನುವ ಹಟ ಇರುವುದಿಲ್ಲ. ಹಾಗಾದರೆ ಕಂಪನಿಯ ಕಾರುಗಳ ಗಾಜು ಹೇಗಿತ್ತು? ಅತ್ತೆ ನೆನಪು ಮಾಡಿಕೊಂಡಳು. ಅವೂ ಸ್ವಚ್ಛ. ಗಾಜಿನಲ್ಲಿ ಚುಕ್ಕಿ ಇಲ್ಲದ್ದನ್ನು ಅವಳು ಒಳ್ಳೆಯ ಸುದ್ದಿ ಎಂದುಕೊಂಡಿದ್ದಳೇ ಹೊರತು ಯಾಕೆ ಎಂದು ಕೇಳಿಕೊಂಡಿರಲಿಲ್ಲ.

ಅವಳು ಡ್ರೈವರ್ ಬಾಗಿಲ ಮುಂದೆ ಮಂಡಿಯೂರಿ ಕೂತಳು. ಚುಕ್ಕಿಗಳು ಎಲ್ಲೆಂದರಲ್ಲಿ ಚೆಲ್ಲಿರಲಿಲ್ಲ. ಓರೆಯಾಗಿ ನೋಡಿದರೆ ಬಿಲ್ಲಿನಂತೆ ಬಾಗಿದ ಸಾಲುಗಳು, ಒಂದರ ಕೆಳಗೆ ಒಂದು. ಅತ್ತೆ ಬಲಗೈ ಎತ್ತಿ, ಮೊಣಕೈ ಹತ್ತಿರವಿಟ್ಟುಕೊಂಡು, ಬಾಗಿಲನ್ನು ಮುಟ್ಟದೆ ಗಾಳಿಯಲ್ಲಿ ಒರೆಸಿದಳು. ಅಂಗೈ ಸರಿಯಾಗಿ ಆ ಸಾಲಿನ ಮೇಲೇ ಹಾದುಹೋಯಿತು. ಇನ್ನೊಂದು ಸಲ ಮಾಡಿ ನೋಡಿದಳು. ಗೆರೆ ಅವಳ ತೋಳಿನ ಅಳತೆಗೆ ಹೊಲಿಸಿದಂತಿತ್ತು.

ಅವಳು ಚೀಲ ಬಿಚ್ಚಿ ಒಂದು ಹಳದಿ ಬಟ್ಟೆ ತೆಗೆದಳು.

ಈ ಬಟ್ಟೆಗಳ ವಿಷಯ ಹೇಳಬೇಕು. ಚಕ್ರಕ್ಕೆ ಬೂದು ಬಟ್ಟೆ, ಮೈಗೆ ಹಳದಿ ಬಟ್ಟೆ, ಎರಡಕ್ಕೂ ಬೇರೆ ಬೇರೆ ಬಕೆಟ್ಟು. ಬೂದು ಬಟ್ಟೆ ಅಪ್ಪಿತಪ್ಪಿ ಬಾಗಿಲಿಗೆ ತಾಗಿದರೆ ಅತ್ತೆ ರಾದ್ಧಾಂತ ಮಾಡುತ್ತಿದ್ದಳು. ಗಾಜಿಗೆ ಮಾತ್ರ ಬಟ್ಟೆಯೇ ಇಲ್ಲ. ಮಾವ ಕೆಲಸ ಮಾಡುವ ಪ್ರೆಸ್ಸಿನಿಂದ ತರುವ ಕೆಟ್ಟ ಹಾಳೆಗಳಿಂದ ಒರೆಸಿ ಬಿಸಾಡುತ್ತಾಳೆ. ಮೇಲ್ವಿಚಾರಕ ಟಾರ್ಚು ಹಿಡಿದು ಚುಕ್ಕಿ ತೋರಿಸಿದ ದಿನಕ್ಕೆ ಮೂರು ತಿಂಗಳು ಮುಂಚಿನವರೆಗೆ ಬಟ್ಟೆಗಳನ್ನು ಕೈಯಲ್ಲಿ ಬೇರೆ ಬೇರೆಯಾಗಿ ಒಗೆಯುತ್ತಿದ್ದಳು. ಆಮೇಲೆ ಬೆನ್ನು ನೋವು ಬಂದು ಒಂದು ವಾಷಿಂಗ್ ಮಶೀನು ತಂದಳು. ಸಂಜೆ ಬೂದು, ಹಳದಿ ಎಲ್ಲವನ್ನೂ ಒಂದೇ ಸಲ ಅದರೊಳಗೆ ಹಾಕುತ್ತಿದ್ದಳು. ಬಣ್ಣ ಬಿಡದ ಬಟ್ಟೆಗಳು, ಎರಡು ಸಲ ಸೋಪು, ಮೂರು ಸಲ ನೀರು. ಇಪ್ಪತ್ತೆರಡು ವರ್ಷ ಬಟ್ಟೆ ಜೊತೆ ಬದುಕಿದವಳಿಗೆ, ಚೆನ್ನಾಗಿ ಒಗೆದ ಬಟ್ಟೆ ಎಂದರೆ ಶುದ್ಧ ಬಟ್ಟೆ. ಅದರ ಮೇಲೆ ಅನುಮಾನ ಪಡುವುದು ಅವಳಿಗೆ ತನ್ನ ಹೆಸರಿನ ಮೇಲೆ ಅನುಮಾನ ಪಟ್ಟಂತೆ. ಬೇರೆ ಯಾವ ಕಾರು ತೊಳೆಯುವವನಾದರೂ ಮೊದಲು ಬಟ್ಟೆಯನ್ನೇ ಬೈಯುತ್ತಿದ್ದ.

ಅವಳು ಆ ಒಗೆದು ಮಡಿಸಿದ ಹಳದಿ ಬಟ್ಟೆಯನ್ನು ಟೀಚರ ಮನೆಯ ಮೆಟ್ಟಿಲ ಮೇಲೆ ಹರಡಿ ಔಷಧಿ ಚಿಮುಕಿಸಿದಳು. ನಾವು ಮೂವರೂ ನೋಡುತ್ತ ನಿಂತೆವು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಹಳದಿಯ ನಡುವೆ ನೇರಳೆ ಮೊಗ್ಗುಗಳು ಒಂದೊಂದಾಗಿ ಮೂಡಿದವು. ಮೂರು ನಿಮಿಷಕ್ಕೆ ಬಟ್ಟೆಯ ತುಂಬ ನೇರಳೆ.

"ಇದೇನಿದು?" ಎಂದರು ಟೀಚರ್.

"ನಾನು," ಎಂದಳು ಅತ್ತೆ.

ಚಕ್ರದಿಂದ ಬಂದ ಬ್ರೇಕಿನ ಕಬ್ಬಿಣ ಮಶೀನಿನೊಳಗೆ ಬೂದು ಬಟ್ಟೆಯಿಂದ ಹಳದಿ ಬಟ್ಟೆಯ ಎಳೆಗಳಿಗೆ ದಾಟುತ್ತಿತ್ತು. ಅತ್ತೆ ಅದನ್ನು ವಾರ ವಾರ ತನ್ನ ಕೈಯಾರೆ ಒಂಬತ್ತು ಕಾರುಗಳ ಮೈಗೆ ಉಜ್ಜಿದ್ದಳು. ಚುಕ್ಕಿ ತೆಗೆದ ಮೇಲೆ ಒರೆಸಿದ್ದೂ ಅದೇ ಬಟ್ಟೆಯಲ್ಲಿ. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಒಂದೇ ಮಾತು ಕೇಳಿದಳು, ನಿಮ್ಮಪ್ಪ ಸಾಮಾನು ಕಟ್ಟೋಕೆ ಶುರು ಮಾಡಿದ್ನಾ, ಅಂತ. ಲಾರಿಗೆ ಸೋಮವಾರ ಹೇಳಿದ್ದಾರೆ ಎಂದೆ. ಅವಳು ಕಿಟಕಿ ಕಡೆ ತಿರುಗಿದಳು.

ಶೆಡ್ಡಿಗೆ ಬಂದವಳೇ ಮಶೀನಿನ ಬಾಗಿಲು ತೆಗೆದು, ಸುತ್ತಲಿನ ರಬ್ಬರಿನ ಮಡಿಕೆಗೆ ಔಷಧಿ ಬಿಟ್ಟಳು. ಮಡಿಕೆಯಿಂದ ನೇರಳೆ ನೀರು ತೊಟ್ಟಿಕ್ಕಿತು. ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಳು ತಗಡಿನ ಆಚೆ ಹೋದಳು. ಅಪ್ಪ ವೆಲ್ಡಿಂಗ್ ಕೇಬಲ್ ಸುತ್ತುತ್ತಿದ್ದ. ಇವಳು ಸುತ್ತು ಬಳಸು ಇಲ್ಲದೆ ಎಲ್ಲ ಹೇಳಿದಳು, ಗಾಜಿನಿಂದ ಹಿಡಿದು ರಬ್ಬರಿನವರೆಗೆ. ಅಪ್ಪ ಕೇಬಲ್ ಸುತ್ತುವುದನ್ನು ನಿಲ್ಲಿಸಲಿಲ್ಲ.

"ತಪ್ಪಾಯ್ತು ಕಣೋ," ಎಂದಳು.

"ನಂಗೆ ಹೇಳಿದ್ರೆ ಆಗಲ್ಲಕ್ಕ. ನಂದಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು."

"ಮತ್ತೆ?"

"ಯಾರ ಹತ್ರ ನನ್ನ ಗ್ರೈಂಡರ್ ಅಂದ್ಯೋ ಅವನ ಹತ್ರ ಹೇಳು. ಇಲ್ಲೇ ನಿಂತು. ಅಜ್ಜನೂ ಇರ್ಬೇಕು. ಆಮೇಲೆ ನೋಡೋಣ."

ಅಪ್ಪ ಕೇಳಿದ್ದು ಏನು ಎಂಬುದು ನನಗೂ ಅರ್ಥವಾಯಿತು. ಅವಳ ಹೊಟ್ಟೆಪಾಡು ಆ ಒಂಬತ್ತು ಕಾರು. ಪಕ್ಕದವನ ತಪ್ಪು ಎಂದಾಗಲೇ ಮುನಿಸಿಕೊಂಡ ಕಂಪನಿ, ತೊಳೆಯುವವಳೇ ಹಾಳು ಮಾಡಿದ್ದು ಎಂದರೆ ಕೈ ಮುಗಿದು ಹೋಗುತ್ತದೆ. ಅಪ್ಪ ಹೋದರೆ ಅವಳ ಗುಟ್ಟು ಉಳಿಯುತ್ತದೆ. ಬಟ್ಟೆ ಬದಲಿಸಿದರೆ ಚುಕ್ಕಿಗಳೂ ನಿಲ್ಲುತ್ತವೆ. ನೋಡಿದಿರಾ, ಗ್ರೈಂಡರ್ ಹೋದ ಮೇಲೆ ಸರಿಹೋಯಿತು ಎಂದು ಎಲ್ಲರೂ ನಂಬುತ್ತಾರೆ. ಯಾರಿಗೂ ತಿಳಿಯುತ್ತಿರಲಿಲ್ಲ. ಟೀಚರ್ ಊರಿನ ಇನ್ನೊಂದು ತುದಿ, ನಾನು ಬಾಯಿ ಬಿಡುವವಳಲ್ಲ. ಇದೆಲ್ಲ ಆ ಕ್ಷಣ ಅವಳ ತಲೆಯಲ್ಲೂ ಓಡಿತಂತೆ. ಸುಳ್ಳು ಹೇಳುವುದಿಲ್ಲ, ಓಡಿತು, ಎಂದು ಆಮೇಲೆ ಅವಳೇ ನನಗೆ ಹೇಳಿದಳು.

ಭಾನುವಾರವಿಡೀ ಅವಳು ಮೇಲಿನ ಮನೆಯಿಂದ ಇಳಿಯಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಅಪ್ಪನ ಜೊತೆ ಹೋದಾಗ ಗೇಟಿನಲ್ಲಿ ಲಾರಿ ನಿಂತಿತ್ತು, ಪೈಪುಗಳು ಆಗಲೇ ಏರಿದ್ದವು. ಅತ್ತೆ ಮುಂಚೆಯೇ ಬಂದಿದ್ದಳು. ಅವಳೇ ಫೋನು ಮಾಡಿ ಕರೆಸಿದ್ದಳು: ಮೇಲ್ವಿಚಾರಕ ಒಂದು ಬಿಳಿ ಕಾರಿನ ಜೊತೆ ಬಂದು ನಿಂತಿದ್ದ, ಓನರ್ ಅಜ್ಜ ಕುರ್ಚಿಯ ತುದಿಯಲ್ಲಿ ಕೂತಿದ್ದ, ಓಡಲು ಸುಲಭವಾಗಲಿ ಎಂಬಂತೆ. ಅಪ್ಪ ತನ್ನ ಶೆಡ್ಡಿನ ಬಾಗಿಲಲ್ಲೇ ನಿಂತ.

ಅತ್ತೆ ಒಂದು ಬೂದು ಬಟ್ಟೆ, ಒಂದು ಹಳದಿ ಬಟ್ಟೆ ತಂದು ಬಾನೆಟ್ಟಿನ ಮೇಲಲ್ಲ, ನೆಲದ ಮೇಲೆ ಹರಡಿದಳು. ಎರಡಕ್ಕೂ ಔಷಧಿ ಹೊಡೆದಳು. ಎರಡೂ ನೇರಳೆಯಾದವು.

"ಸರ್, ಆವತ್ತು ಪಕ್ಕದ ಗ್ರೈಂಡರ್ ಅಂದೆ," ಎಂದಳು. "ನೋಡದೇ ಅಂದೆ. ನಿಮ್ಮ ಕಾರಿಗೆ ಕಬ್ಬಿಣ ಹಚ್ಚಿದ್ದು ನನ್ನ ಬಟ್ಟೆ. ಒಗೆದವಳು ನಾನು, ಒರೆಸಿದವಳೂ ನಾನು. ಅವನ ಶೆಡ್ಡಿಗೂ ಇದಕ್ಕೂ ಸಂಬಂಧ ಇಲ್ಲ." ಆಮೇಲೆ ಸೇರಿಸಿದಳು, "ಅವನು ನನ್ನ ಒಡಹುಟ್ಟಿದ ತಮ್ಮ. ಅದನ್ನೂ ಆವತ್ತು ಹೇಳ್ಬೇಕಿತ್ತು."

ಮೇಲ್ವಿಚಾರಕನ ಕಿವಿ ಕೆಂಪಾಯಿತು. ಆತ ಕೂಗಾಡಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. ನಾನು ಇದನ್ನು ಆಫೀಸಿಗೆ ಬರೆದು ಕೊಟ್ಟಾಗಿದೆ, ಈಗ ಏನಂತ ಬರೆಯಲಿ, ಎಂದು ಕೇಳಿದ. ನಾನು ಹೇಳಿದ ಹಾಗೇ ಬರೀರಿ, ಎಂದಳು ಅತ್ತೆ. ಆಮೇಲೆ ಹೊಸ ಬಟ್ಟೆಯ ಕಟ್ಟು ಒಡೆದು, ಆತನ ಕಣ್ಣೆದುರಿಗೇ ಒಂದು ಬಾಗಿಲು ತೊಳೆದು, ಔಷಧಿ ಬಿಟ್ಟು, ನೀರು ಹೊಡೆದು, ಉಂಡೆ ಓಡಾಡಿಸಿ, ಆ ಹೊಸ ಬಟ್ಟೆಯಲ್ಲಿ ಒರೆಸಿದಳು. ಪ್ಲಾಸ್ಟಿಕ್ ಚೀಲವನ್ನು ಆತನ ಕೈಗೆ ಕೊಟ್ಟಳು. ಆತ ಸವರಿದ. ಪಕ್ಕದ ಬಾಗಿಲನ್ನೂ ಸವರಿ ಹೋಲಿಸಿದ. ಟಾರ್ಚು ಹಚ್ಚಿ ನೋಡಿದ, ಆರಿಸಿ ಜೇಬಿಗೆ ಹಾಕಿದ. ಒಂಬತ್ತನ್ನೂ ಹೀಗೇ ಮಾಡಿ ಕೊಡಿ, ಆಮೇಲಿನದು ಆಫೀಸಿಗೆ ಬಿಟ್ಟದ್ದು, ಎಂದು ಹೇಳಿ ಹೋದ.

ಆಫೀಸು ಆಮೇಲೆ ನಾಲ್ಕು ಕಾರುಗಳನ್ನು ಬೇರೆಯವರಿಗೆ ಕೊಟ್ಟಿತು. ಐದು ಇನ್ನೂ ಬರುತ್ತವೆ. ಈಗ ಬೂದು ಬಟ್ಟೆಗಳನ್ನು ಅವಳು ಕೈಯಲ್ಲೇ ಒಗೆಯುತ್ತಾಳೆ, ಮತ್ತು ಬೆನ್ನು ನೋವೆಂದು ಗೊಣಗುತ್ತಾಳೆ. ಆದರೆ ಆ ಸೋಮವಾರ ಅದೊಂದೂ ಅವಳಿಗೆ ಗೊತ್ತಿರಲಿಲ್ಲ.

ಅಜ್ಜ ಎದ್ದು, ಸರಿ ಹಾಗಾದರೆ, ಎಲ್ಲ ಒಳ್ಳೆಯದಾಯಿತಲ್ಲ, ಎಂದು ಗೇಟಿನ ಕಡೆ ಸರಿಯತೊಡಗಿದ. ಅಪ್ಪ ಅವನ ದಾರಿಗೆ ಅಡ್ಡ ಬಂದ. ಜಾಗ ಬಿಡಿ ಅಂತ ಬಾಯಲ್ಲಿ ಹೇಳಿದ್ರಿ, ಇರಿ ಅನ್ನೋದನ್ನ ಬರೆದು ಕೊಡಿ, ಎಂದ. ಅಜ್ಜ ಪೆನ್ನಿಲ್ಲ ಎಂದ. ಅತ್ತೆ ಒಳಗಿನಿಂದ ಪೆನ್ನು ತಂದಳು. ಅಜ್ಜ ಆ ದೂರಿನ ಕಾಗದದ ಬೆನ್ನ ಮೇಲೆಯೇ ಎರಡು ಸಾಲು ಬರೆದು ಸಹಿ ಹಾಕಿದ. ಅಪ್ಪ ಎರಡು ಸಲ ಓದಿ, ಮಡಿಸಿ, ಜೇಬಿಗಿಟ್ಟುಕೊಂಡ.

ಲಾರಿಯ ಡ್ರೈವರು, ಏರಿಸ್ಬೇಕಾ ಇಳಿಸ್ಬೇಕಾ ಒಂದು ಹೇಳಿ, ಎಂದು ಕೂಗಿದ. ಅಪ್ಪ ಅಕ್ಕನ ಕಡೆ ನೋಡಲಿಲ್ಲ. ಲಾರಿ ಹತ್ತಿ ಪೈಪುಗಳನ್ನು ತಾನೇ ಜಾರಿಸತೊಡಗಿದ. ಪೈಪುಗಳಾದ ಮೇಲೆ ಕಬ್ಬಿಣ ಕತ್ತರಿಸುವ ಮಶೀನು, ಅದನ್ನು ಒಬ್ಬರೇ ಎತ್ತಲಾಗದು. ನಾನು ಮುಂದೆ ಬಂದೆ. ಅಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿಯ ಹಿಂದೆ ಹೋಗಿ ನಿಂತಿದ್ದಳು.

"ಬೆನ್ನು ನೋವು ಅಂತಿದ್ದೆ," ಎಂದ ಅಪ್ಪ.

"ಇದೆ. ಕೊಡು."

ಅವನು ಹಗುರಾದ ತುದಿಯನ್ನು ಅವಳ ಕಡೆಗೆ ತಿರುಗಿಸಿ ಇಳಿಸಿದ. ಇಬ್ಬರೂ ಅದನ್ನು ಎತ್ತಿಕೊಂಡು ಅಡ್ಡಡ್ಡ ಹೆಜ್ಜೆ ಹಾಕುತ್ತ ಒಳಗೆ ನಡೆದರು, ನಿಧಾನ ಕಣೋ ಎಂದು ಅವಳು, ನೀನು ದಾರಿ ನೋಡು ಎಂದು ಅವನು.